ನಾನು ವೈಫೈ ಕಳ್ಳನನ್ನು ಹಿಡಿದದ್ದು

ತಲೆಬರಹವನ್ನು ಓದಿ ಗೆಳೆಯರು ನನ್ನನ್ನು ಶೂರನೆಂದು ಎಣಿಸಬಾರದು. ನಾನು ಬಿ.ಎ. ಮೂರನೆಯ ವರ್ಷದ ವಿದ್ಯಾರ್ಥಿ. ಕತ್ತಲಲ್ಲಿ ನಾಯಿ ಬೊಗಳಿದರೆ ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಳ್ಳುವ ಪೈಕಿಯವನು. ಆದರೂ ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಕಳ್ಳತನ ನಡೆಯುತ್ತಿದೆಯೆಂಬ ಗುಮಾನಿ ನನಗೆ ಬಂದಿತು. ಕೆಲವು ದಿನ ಪತ್ತೇದಾರಿಕೆ ನಡೆಸಿದೆನು, ಹಿಡಿದೆನು ಕೂಡ. "ವಿಜ್ಞಾನದ ವಿಷಯದ ಮೇಲೆ ನಿಮ್ಮಲ್ಲಿ ಯಾರೂ ಬರೆಯುವುದಿಲ್ಲ" ಎಂದು ಸಂಚಿಕೆಯ ಸಂಪಾದಕರು ತರಗತಿಯಲ್ಲಿ ಆಕ್ಷೇಪಿಸಿದ್ದರಿಂದ ಆ ಕತೆಯನ್ನೇ ಬರೆದು ಕೊಡುತ್ತಿದ್ದೇನೆ. ಇದು ವಿಜ್ಞಾನವೋ ಅಲ್ಲವೋ ಅವರೇ ತೀರ್ಮಾನಿಸಲಿ.

ನಮ್ಮೂರು ತಿಂಥಣಿ. ಕೃಷ್ಣೆಯ ದಂಡೆಯ ಮೇಲಿದೆ. ಹೊಳೆ ದಾಟಿದರೆ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು. ಮೌನೇಶ್ವರನ ಗುಡಿಯಿಂದಾಗಿ ಊರಿನ ಹೆಸರು ದೂರದವರಿಗೂ ಗೊತ್ತು. ಜಾತ್ರೆಗೆ ಹಿಂದೂಗಳೂ ಬರುತ್ತಾರೆ, ಮುಸಲ್ಮಾನರೂ ಬರುತ್ತಾರೆ. ಆ ದಿನಗಳಲ್ಲಿ ನಮ್ಮ ಮನೆಯ ಪಡಸಾಲೆ ನಮ್ಮದಾಗಿ ಉಳಿಯುವುದಿಲ್ಲ. ಗುರುತಿದ್ದವರು, ಗುರುತಿದ್ದವರ ಗುರುತಿನವರು, ಸುಮ್ಮನೆ ನೆರಳು ಕಂಡು ಬಂದವರು, ಎಲ್ಲರಿಗೂ ಅವ್ವ ಚಾಪೆ ಹಾಸಿ ನೀರು ಕೊಡುತ್ತಾಳೆ. "ಯಾರು ಇವರು?" ಎಂದು ನಾನು ಕೇಳಿದರೆ "ಜಾತ್ರಿಗೆ ಬಂದವರು" ಎನ್ನುತ್ತಾಳೆ. ಅದಕ್ಕಿಂತ ಹೆಚ್ಚಿನ ವಿಚಾರಣೆ ಅವಳ ಪದ್ಧತಿಯಲ್ಲಿಲ್ಲ. ಈ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನನ್ನ ಅಣ್ಣ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು. ಅತ್ತಿಗೆಯೂ ಅವರ ಚಿಕ್ಕ ಮಗನೂ ನಮ್ಮೊಡನೆಯೇ ಇದ್ದಾರೆ. ಮಗನ ಮುಖವನ್ನು ದಿನಾಲು ನೋಡಬೇಕೆಂದು, ನಾನೂ ಓದಿ ಒಂದು ನೌಕರಿ ಹಿಡಿಯಬೇಕೆಂದು, ಅಣ್ಣನು ತನ್ನ ಕೂಲಿಯಲ್ಲಿ ಉಳಿಸಿ ಮನೆಗೆ ಫೈಬರ್ ಸಂಪರ್ಕ ಹಾಕಿಸಿದನು. ವಯರು ಎಳೆಯಲು ಬಂದ ಹುಡುಗನು ಅರ್ಧ ಗಂಟೆಯಲ್ಲಿ ಪಡಸಾಲೆಯ ಗೂಡಿನಲ್ಲಿ ಎರಡು ಕಿವಿಯ ಒಂದು ಬಿಳಿಯ ಡಬ್ಬಿಯನ್ನು ಕೂಡಿಸಿ, ಅಣ್ಣನ ಮೊಬೈಲು ನಂಬರನ್ನೇ ಪಾಸ್‌ವರ್ಡ್ ಮಾಡಿ, ಚಹಾ ಕುಡಿದು ಹೊರಟುಹೋದನು. ಊರಿನಲ್ಲಿ ಅಣ್ಣನ ನಂಬರು ಗೊತ್ತಿಲ್ಲದವರು ಕೂಸುಗಳು ಮಾತ್ರ. ಆದರೆ ಆಗ ನನಗೆ ಅದು ಹೊಳೆಯಲಿಲ್ಲ.

ಮೊದಲ ಕೆಲವು ತಿಂಗಳು ಎಲ್ಲವೂ ಸುಗಮವಾಗಿತ್ತು. ಒಂದು ರಾತ್ರಿ ಒಂದು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಲು ಕುಳಿತೆನು. ಅದು ಕೊನೆಯ ದಿನ. (ಕೊನೆಯ ದಿನದವರೆಗೆ ಯಾಕೆ ಕುಳಿತಿದ್ದೆ ಎಂದು ಉಪನ್ಯಾಸಕರು ಕೇಳಬಾರದು.) ಹೆಸರು ತುಂಬಿದೆ, ತಂದೆಯ ಹೆಸರು ತುಂಬಿದೆ, ಆದಾಯದ ಪ್ರಮಾಣಪತ್ರವನ್ನು ಏರಿಸಲು ಹೋದಾಗ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಹತ್ತು ಗಂಟೆಗೆ ತಿರುಗತೊಡಗಿದ್ದು ಹನ್ನೊಂದಾದರೂ ತಿರುಗುತ್ತಲೇ ಇದ್ದಿತು. ನಮ್ಮ ಕಡೆಯ ಕಾಲುವೆಯ ಸಂಗತಿ ಎಲ್ಲರಿಗೂ ತಿಳಿದದ್ದೇ. ನಾರಾಯಣಪುರದಲ್ಲಿ ನೀರು ಬಿಟ್ಟರೆಂದು ಪತ್ರಿಕೆಯಲ್ಲಿ ಬರುತ್ತದೆ; ಕೊನೆಯ ಹೊಲದವನು ಗುದ್ದಲಿ ಹಿಡಿದು ಕಾಯುತ್ತಾನೆ; ನೀರು ಬರುವುದಿಲ್ಲ. ನಡುವೆ ಯಾರೋ ಪೈಪು ಹಾಕಿ ಮೋಟಾರು ಹಚ್ಚಿರುತ್ತಾರೆ. ಆ ರಾತ್ರಿ ಹನ್ನೆರಡು ಹೊಡೆದು ಅರ್ಜಿಯ ಬಾಗಿಲು ಮುಚ್ಚಿದಾಗ ನನ್ನ ತಲೆಯಲ್ಲಿ ಬಂದದ್ದು ಇದೇ ಚಿತ್ರ. ಯಾರೋ ನಮ್ಮ ಕಾಲುವೆಗೆ ಪೈಪು ಹಾಕಿದ್ದಾರೆ!

ಮರುದಿನ ಕಾಲೇಜಿನಲ್ಲಿ ಕಂಪ್ಯೂಟರು ಬಲ್ಲ ಸಹಪಾಠಿಯೊಬ್ಬನನ್ನು ಹಿಡಿದು ಉಪಾಯ ಕೇಳಿದೆನು. ಅವನು ಮೊದಲು ಹೇಳಿದ್ದು ಅತ್ಯಂತ ಸರಳವಾದದ್ದು: ಮನೆಯ ಎಲ್ಲ ಫೋನುಗಳಲ್ಲಿಯೂ ವೈಫೈ ಬಂದ್ ಮಾಡಿ, ಟಿವಿ ಬಂದ್ ಮಾಡಿ, ಡಬ್ಬಿಯ ವೈಫೈ ದೀಪ ಮಿಣುಕುತ್ತದೆಯೇ ನೋಡಬೇಕು. ಮಿಣುಕಿದರೆ ಒಳಗೆ ಪರಕೀಯನಿದ್ದಾನೆ. ಅಂದು ರಾತ್ರಿ ಧಾರಾವಾಹಿಯ ನಡುವೆ ಟಿವಿ ನಿಲ್ಲಿಸಿ, ಅತ್ತಿಗೆಯ ಕೋಪಕ್ಕೆ ಗುರಿಯಾಗಿ, ಗೂಡಿನ ಮುಂದೆ ಪೂಜೆಗೆ ಕುಳಿತವನಂತೆ ಕುಳಿತೆನು. ದೀಪ ಮಿಣುಕಿತು. ಮೈ ಜುಮ್ಮೆಂದಿತು. ಆದರೆ ಮುಂದೆ ತಿಳಿದುಬಂದುದೇನೆಂದರೆ ಈ ಪರೀಕ್ಷೆ ಅಷ್ಟು ನೆಚ್ಚತಕ್ಕದ್ದಲ್ಲ. ಯಾರೂ ಬಳಸದಿದ್ದರೂ ರೂಟರು ಸುಮ್ಮನಿರುವುದಿಲ್ಲ. ಸೆಕೆಂಡಿಗೆ ಸುಮಾರು ಹತ್ತು ಸಾರಿ ತನ್ನ ಹೆಸರನ್ನು ತಾನೇ ಕೂಗುತ್ತಿರುತ್ತದೆ, ನಮ್ಮ ಟಂಟಂನವರು ಸೀಟು ತುಂಬುವವರೆಗೆ "ಸುರಪುರ, ಸುರಪುರ" ಎಂದು ಕೂಗುವಂತೆ. ಕೆಲವು ಡಬ್ಬಿಗಳ ದೀಪ ಅದಕ್ಕೂ ಮಿಣುಕುತ್ತದೆ.

ಎರಡನೆಯ ಉಪಾಯವೇ ನಿಜವಾದದ್ದು. ರೂಟರಿನ ತಳವನ್ನು ತಿರುವಿ ನೋಡಿದರೆ ಅಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರ ಮೇಲೆ 192.168.1.1 ಎಂಬಂತಹ ಒಂದು ವಿಳಾಸ, ಒಂದು ಹೆಸರು, ಒಂದು ಪಾಸ್‌ವರ್ಡ್. ಮನೆಯ ವೈಫೈಗೆ ಸೇರಿಕೊಂಡು ಆ ವಿಳಾಸವನ್ನು ಫೋನಿನ ಬ್ರೌಸರಿನಲ್ಲಿ ಬರೆದರೆ ರೂಟರಿನ ಒಳಮನೆ ತೆರೆಯುತ್ತದೆ. ನಮ್ಮದರಲ್ಲಿ ಹೆಸರೂ 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಬೀಗವನ್ನೂ ಬೀಗದಕೈಯನ್ನೂ ಒಂದೇ ಮೊಳೆಗೆ ತೂಗುಹಾಕಿದಂತೆ! ಒಳಗೆ ಹೋದರೆ, ಈಗ ಈ ಜಾಲಕ್ಕೆ ಯಾರು ಯಾರು ಸೇರಿಕೊಂಡಿದ್ದಾರೆ ಎಂಬ ಪಟ್ಟಿ ಒಂದು ಕಡೆ ಸಿಗುತ್ತದೆ. ಪ್ರತಿಯೊಂದು ಸಾಲಿನಲ್ಲಿಯೂ ಮೂರು ಸಂಗತಿ: ಸಾಧನದ ಹೆಸರು (ಕೆಲವು ಸಲ ಅದು ಖಾಲಿ), ರೂಟರು ಅದಕ್ಕೆ ಕೊಟ್ಟ ಐಪಿ ಸಂಖ್ಯೆ, ಮತ್ತು ಮ್ಯಾಕ್ ವಿಳಾಸ.

ಈ ಮ್ಯಾಕ್ ವಿಳಾಸದ ಮೇಲೆ ಎರಡು ಮಾತು ಹೇಳಬೇಕು. ಅದು ಹನ್ನೆರಡು ಅಕ್ಷರಗಳ ಒಂದು ಗುರುತು. 0 ಯಿಂದ 9 ರವರೆಗಿನ ಅಂಕಿಗಳು, ಎ ಯಿಂದ ಎಫ್ ವರೆಗಿನ ಇಂಗ್ಲಿಷು ಅಕ್ಷರಗಳು. ಮೊದಲಿನ ಆರು ಅದನ್ನು ತಯಾರಿಸಿದ ಕಂಪನಿಗೆ ಸೇರಿದ್ದು. ಉಳಿದ ಆರು ಆ ಸಾಧನದ್ದು. ಆದುದರಿಂದ ಈ ಸಂಖ್ಯೆಯನ್ನು ಹಿಡಿದರೆ ಆಸಾಮಿಯನ್ನೇ ಹಿಡಿದಂತೆ ಎಂದು ನಾನು ತಿಳಿದೆನು. ಇತಿಹಾಸದ ಟಿಪ್ಪಣಿ ಬರೆಯುವ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಎಲ್ಲವನ್ನೂ ಕೆಂಪು ಮಸಿಯಲ್ಲಿ ಬರೆದುಕೊಂಡೆನು.

ಪಟ್ಟಿಯಲ್ಲಿ ಆರು ಸಾಧನಗಳಿದ್ದವು. ನಮ್ಮ ಮನೆಯವು ನಾಲ್ಕು: ನನ್ನ ಫೋನು, ಅವ್ವನದು, ಅತ್ತಿಗೆಯದು, ಟಿವಿ. ಅಪ್ಪನ ಫೋನಿಗೆ ಗುಂಡಿಗಳಿವೆ; ಅದು ಲೆಕ್ಕಕ್ಕಿಲ್ಲ. ಹಾಗಾದರೆ ಇಬ್ಬರು ಹೆಚ್ಚು. ಒಂದರ ಹೆಸರು ಖಾಲಿ. ಇನ್ನೊಂದರ ಎದುರಿಗೆ ಒಂದು ಫೋನಿನ ಮಾದರಿಯ ಹೆಸರು ಸ್ಪಷ್ಟವಾಗಿ ಮೂಡಿತ್ತು. ಆ ಮಾದರಿಯ ಫೋನನ್ನು ನಾನು ಚೆನ್ನಾಗಿ ಬಲ್ಲೆ. ಅದನ್ನು ಕೊಳ್ಳಲು ಸುರಪುರದ ಅಂಗಡಿಗೆ ನಾನೇ ಜೊತೆಗೆ ಹೋಗಿದ್ದೆ.

ಅವನು ನಮ್ಮ ಬಾಜೂ ಮನೆಯವನು. ಹೆಸರು ಬರೆಯುವುದಿಲ್ಲ. ಒಂದನೆಯ ಇಯತ್ತೆಯಿಂದ ಪಿಯುಸಿಯವರೆಗೆ ನನ್ನ ಪಕ್ಕದಲ್ಲಿ ಕುಳಿತವನು. ಹೊಳೆಯಲ್ಲಿ ಈಜು ಕಲಿಸಿದವನು. ಅವರಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು ಟಂಟಂ ಓಡಿಸತೊಡಗಿದವನು. ನಾನು ಕಾಲೇಜಿಗೆ ಅವನ ಟಂಟಂನಲ್ಲಿ ಹೋದಾಗಲೆಲ್ಲ ಹಣ ಕೊಡಲು ಕೈ ಚಾಚಿದರೆ "ಇಡೋ ದೋಸ್ತ" ಎಂದು ಕೈಯನ್ನು ಸರಿಸುತ್ತಿದ್ದನು. ಸಂಜೆ ಗಾಡಿ ನಿಲ್ಲಿಸಿ ನಮ್ಮ ಗೋಡೆಗೆ ಹತ್ತಿದ ಕಟ್ಟೆಯ ಮೇಲೆ ಕುಳಿತು ಫೋನು ನೋಡುತ್ತಾನೆ. ಗೋಡೆಯ ಆಚೆ ಕಟ್ಟೆ, ಈಚೆ ಗೂಡು, ಗೂಡಿನಲ್ಲಿ ರೂಟರು. ಪುರಾವೆ ಇನ್ನೇನು ಬೇಕು? ಒಮ್ಮೆ ಗುಮಾನಿ ಹತ್ತಿತೆಂದರೆ ಅವನ ಹದಿನೈದು ವರ್ಷದ ಗೆಳೆತನವೂ ಪುರಾವೆಯಾಗಿಯೇ ಕಂಡಿತು: ಅಣ್ಣನ ನಂಬರು ಅವನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು!

ಕಾಯ್ದೆಯನ್ನೂ ಓದಿಕೊಂಡೆನು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನ ಪ್ರಕಾರ, ಮಾಲೀಕನ ಅಥವಾ ಉಸ್ತುವಾರಿ ಇರುವವರ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಅಥವಾ ಜಾಲಕ್ಕೆ ಪ್ರವೇಶಿಸಿದರೆ ಪರಿಹಾರ ಕೊಡಬೇಕಾಗುತ್ತದೆ; ವಂಚನೆಯ ಉದ್ದೇಶವಿದ್ದರೆ 66ನೆಯ ಕಲಮು ಮೂರು ವರ್ಷದವರೆಗಿನ ಸೆರೆವಾಸವನ್ನೂ ಹೇಳುತ್ತದೆ. ಈ ಮಾತುಗಳು ಬಾಯಲ್ಲಿ ತುಂಬ ರುಚಿಯಾಗಿದ್ದವು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ಅವನು ಸಿಕ್ಕನು. ನಾಲ್ಕಾರು ಜನ ಕುಳಿತಿದ್ದರು. ನನಗಾಗಿಯೂ ಒಂದು ಚಹಾ ಹೇಳಿದನು.

"ಏನು ದೋಸ್ತ, ನೆಟ್ ಛಲೋ ಬರ್ತದೇನು?" ಎಂದೆನು.

"ಯಾರ ನೆಟ್ಟು?"

"ನಮ್ಮ ಮನೀದು. ಪುಕ್ಕಟ ಅದಲ್ಲ!"

ಯಾರೋ ನಕ್ಕರು. ನಗೆಯಿಂದ ನನಗೆ ಹುರುಪೇರಿತು. "ನಲವತ್ಮೂರನೇ ಕಲಂ ಗೊತ್ತದೇನು? ಪಟ್ಟಿಯೊಳಗ ನಿನ್ನ ಫೋನಿನ ಹೆಸರು ಬಂದದ. ನಾ ಬರಕೊಂಡು ಇಟ್ಟೀನಿ."

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದನು. ಅನಂತರ ಅಂಗಿಯ ಜೇಬಿನಿಂದ ಫೋನು ತೆಗೆದು ಟೇಬಲಿನ ಮೇಲೆ ನನ್ನ ಕಡೆಗೆ ತಳ್ಳಿದನು.

"ನೋಡ್ಕೊ."

ನಾನು ನೋಡಲಿಲ್ಲ. "ಈಗ ಬಂದ್ ಮಾಡಿರ್ತಿ, ನೋಡಿದ್ರ ಏನು ಬಂತು?" ಎಂದೆನು. ಅವನು ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡನು. ಎರಡೂ ಚಹಾದ ದುಡ್ಡು ಕೊಟ್ಟು, ತನ್ನದನ್ನು ಕುಡಿಯದೆ, ಎದ್ದು ಹೋದನು. ಒಂದು ಮಾತಾದರೂ ಬೈದಿದ್ದರೆ ನನಗೆ ಹಿತವಾಗುತ್ತಿತ್ತು.

ಆ ಮಧ್ಯಾಹ್ನವೇ ರೂಟರಿನ ಒಳಹೊಕ್ಕು ಜಾಲದ ಹೆಸರನ್ನೂ ಪಾಸ್‌ವರ್ಡನ್ನೂ ಬದಲಿಸಿದೆನು. ಹೊಸ ಪಾಸ್‌ವರ್ಡಿನಲ್ಲಿ ಹದಿನಾರು ಅಕ್ಷರ. ಎಂಟಕ್ಕಿಂತ ಕಡಿಮೆಯಿದ್ದರೆ ಯಂತ್ರವೇ ಒಪ್ಪುವುದಿಲ್ಲ, ಅರವತ್ಮೂರರವರೆಗೆ ಇಡಬಹುದು. ಅವ್ವನ ಫೋನಿಗೂ ಅತ್ತಿಗೆಯ ಫೋನಿಗೂ ನಾನೇ ಹಾಕಿಕೊಟ್ಟು, ಟಿವಿಗೆ ಹಾಕಲು ಅನುಕೂಲವಾಗಲೆಂದು ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆನು. ಕಳ್ಳನ ಬಾಯಿಗೆ ಮಣ್ಣು ಬಿದ್ದಿತೆಂದು ಹಿಗ್ಗಿದೆನು.

ಮರುದಿನ ಕಾಲೇಜಿಗೆ ಹೋಗಲು ಅವನ ಟಂಟಂ ಒಂದೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕುಳಿತೆನು. ಸುರಪುರದಲ್ಲಿ ಇಳಿದಾಗ ಅವನು ಕೈ ಚಾಚಿದನು. ಹಣ ತೆಗೆದುಕೊಂಡು, ಎಲ್ಲರಿಗೂ ಕೊಡುವಂತೆ ನನಗೂ ಚಿಲ್ಲರೆ ಎಣಿಸಿ ಕೊಟ್ಟನು.

ಅಂದು ಸಂಜೆ ಪಟ್ಟಿ ತೆರೆದು ನೋಟುಬುಕ್ಕಿನ ಜೊತೆಗೆ ತಾಳೆ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಆರು ಸಾಧನಗಳು! ಅದಕ್ಕಿಂತ ವಿಚಿತ್ರವೆಂದರೆ, ಟಿವಿಯೊಂದನ್ನು ಬಿಟ್ಟು ಉಳಿದ ಯಾವುದರ ಮ್ಯಾಕ್ ವಿಳಾಸವೂ ನನ್ನ ಕೆಂಪು ಮಸಿಯ ಪಟ್ಟಿಯಲ್ಲಿರಲಿಲ್ಲ. ಮನೆಯ ತುಂಬ ಅಪರಿಚಿತರು. ಅವರಲ್ಲಿ ಒಬ್ಬ, ನಾಲ್ಕನೆಯ ಸಾಲಿನವನು, ನಾನು ಫೋನಿನ ವೈಫೈ ತೆಗೆದಾಗಲೆಲ್ಲ ಮಾಯವಾಗುತ್ತಿದ್ದನು, ಹಾಕಿದಾಗಲೆಲ್ಲ ಬರುತ್ತಿದ್ದನು. ಅವನನ್ನು ಬಹಳ ಚಾಣಾಕ್ಷನೆಂದುಕೊಂಡೆ. ಅವನು ನಾನೇ ಎಂದು ತಿಳಿಯಲು ನನಗೆ ಕಾಲು ಗಂಟೆ ಬೇಕಾಯಿತು.

ಸಂಗತಿ ಹೀಗಿದೆ. ಫೋನುಗಳು ಎಲ್ಲ ಕಡೆಯೂ ಒಂದೇ ಗುರುತು ಹೇಳುತ್ತ ಹೋದರೆ ಅಂಗಡಿಯವರೂ ಕಂಪನಿಯವರೂ ಅವುಗಳ ಬೆನ್ನು ಹತ್ತಬಹುದೆಂದು, 2019ರ ಆಂಡ್ರಾಯ್ಡ್ 10 ರಿಂದ, ಆಪಲ್ ಫೋನುಗಳಲ್ಲಿ 2020ರ ಐಓಎಸ್ 14 ರಿಂದ, ಪ್ರತಿಯೊಂದು ವೈಫೈ ಹೆಸರಿಗೂ ಒಂದು ಬೇರೆ ಸುಳ್ಳು ಮ್ಯಾಕ್ ವಿಳಾಸವನ್ನು ಹೇಳುವ ಪದ್ಧತಿ ಬಂದಿದೆ. ಎರಡನೆಯ ಅಕ್ಷರವು 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರಖಾನೆಯ ಗುರುತಲ್ಲ, ಸೃಷ್ಟಿಸಿಕೊಂಡ ಗುರುತು. ನಾನು ಜಾಲದ ಹೆಸರು ಬದಲಿಸಿದ ಕೂಡಲೆ ಎಲ್ಲ ಫೋನುಗಳೂ ಹೊಸ ವೇಷ ಹಾಕಿದವು. ಬಡಪಾಯಿ ಟಿವಿಗೆ ಆ ವಿದ್ಯೆ ಬರುವುದಿಲ್ಲ. ನೋಟುಬುಕ್ಕಿನ ಆ ಹಾಳೆ ವ್ಯರ್ಥವಾಯಿತು. ಇನ್ನು ಉಳಿದದ್ದು ಒಂದೇ ದಾರಿ: ಎಣಿಸಿ, ಒಬ್ಬೊಬ್ಬರನ್ನೇ ಹೊರಹಾಕಿ, ಯಾರು ಕೂಗುತ್ತಾರೆಂದು ನೋಡುವುದು. ರೂಟರಿನಲ್ಲಿ ಒಂದು ಸಾಧನವನ್ನು ಮಾತ್ರ ತಡೆಯುವ ಗುಂಡಿ ಇರುತ್ತದೆ.

ಹೆಸರಿಲ್ಲದ ಸಾಧನವನ್ನು ತಡೆದೆನು. ಕಾಳಿನ ಕೋಣೆಯಿಂದ ಕೂಡಲೆ ಅಳುವ ದನಿ ಬಂದಿತು. ಅಣ್ಣನ ಮಗನು ಜೋಳದ ಚೀಲದ ಸಂದಿಯಲ್ಲಿ ಕುಳಿತು, ಗಾಜು ಒಡೆದ ಒಂದು ಹಳೆಯ ಫೋನಿನಲ್ಲಿ ಆನೆಯ ಹಾಡು ನೋಡುತ್ತಿದ್ದನು. ಅಣ್ಣ ಬಿಟ್ಟುಹೋದ ಫೋನು; ಅತ್ತಿಗೆ ಅದನ್ನು ಚಾರ್ಜಿಗೆ ಹಾಕಿ ಕೂಸಿಗೆ ಕೊಟ್ಟಿದ್ದಳು. ಒಬ್ಬ ಕಳ್ಳ ಹೀಗೆ ಸಿಕ್ಕನು. ಮೂರು ವರ್ಷದವನು.

ಉಳಿದದ್ದು ಆ ಮಾದರಿಯ ಹೆಸರು. ಸಂಖ್ಯೆ ಬದಲಾಗಿದ್ದರೂ ಹೆಸರು ಅದೇ. ಹದಿನಾರು ಅಕ್ಷರಗಳನ್ನು ಒಂದೇ ದಿನದಲ್ಲಿ ಭೇದಿಸಿದ್ದಾನೆ! ಒಂದು ಕಾರಣವನ್ನೂ ಊಹಿಸಿದೆನು. ಹಲವು ರೂಟರುಗಳಲ್ಲಿ ಗುಂಡಿ ಒತ್ತಿ ಅಥವಾ ಎಂಟು ಅಂಕಿಯ ಪಿನ್ ಹಾಕಿ ಸೇರುವ ಒಂದು ಸುಲಭದ ಬಾಗಿಲು ಇರುತ್ತದೆ. ಅದಕ್ಕೆ ಡಬ್ಲ್ಯುಪಿಎಸ್ ಎನ್ನುತ್ತಾರೆ. ಎಂಟು ಅಂಕಿಯೆಂದರೆ ಹತ್ತು ಕೋಟಿ ಬಗೆ ಎಂದು ನಾವು ತಿಳಿಯುತ್ತೇವೆ. ಆದರೆ ಯಂತ್ರವು ಮೊದಲ ನಾಲ್ಕನ್ನು ಬೇರೆ, ಉಳಿದುದನ್ನು ಬೇರೆ ಪರೀಕ್ಷಿಸುತ್ತದೆ. ಕೊನೆಯ ಅಂಕಿಯಂತೂ ಉಳಿದವುಗಳ ಲೆಕ್ಕದಿಂದ ಬರುವಂತಹದು. ಆದುದರಿಂದ ಹತ್ತು ಸಾವಿರ ಮತ್ತು ಒಂದು ಸಾವಿರ, ಒಟ್ಟು 11,000 ಪ್ರಯತ್ನಗಳಲ್ಲಿ ಬಾಗಿಲು ತೆರೆಯುತ್ತದೆಂದು 2011ರಲ್ಲಿಯೇ ತೋರಿಸಿಕೊಟ್ಟರು. ನನ್ನ ಗೆಳೆಯನು ಟಂಟಂ ಓಡಿಸುತ್ತ ಇಂತಹ ಗಣಿತವನ್ನು ಯಾವಾಗ ಕಲಿತನೋ ಎಂದು ಬೆರಗಾದೆನು. ಒಳಗೊಳಗೆ ಸ್ವಲ್ಪ ಅಭಿಮಾನವೂ ಆಯಿತೆಂದರೆ ನಂಬಬೇಕು.

ಹೀಗೆ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ. ಆ ಹೆಸರು ಪಟ್ಟಿಯಲ್ಲಿ ಜೀವಂತವಾಗಿದೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟಂಟಂ ಬಂದು ನಿಂತಿತು. ಸುರಪುರದಿಂದ ಆಗತಾನೆ ಬಂದದ್ದು, ಜನ ಇಳಿಯುತ್ತಿದ್ದರು. ಚಾಲಕನ ಸೀಟಿನಿಂದ ಅವನು ಇಳಿದನು. ಅಷ್ಟು ದೂರಕ್ಕೆ ನಮ್ಮ ಡಬ್ಬಿಯ ಅಲೆ ಮುಟ್ಟುವುದಿಲ್ಲ. ನಮ್ಮ ಮಾಳಿಗೆ ಮನೆಯ ಗೋಡೆಯ ದಪ್ಪಕ್ಕೆ ಅಡಿಗೆಮನೆಗೇ ಸರಿಯಾಗಿ ಮುಟ್ಟುವುದಿಲ್ಲ. ಕೈ ನಡುಗಿತು. ಗುಂಡಿ ಒತ್ತಿ ಆ ಹೆಸರನ್ನು ತಡೆದೆನು.

ಎರಡು ನಿಮಿಷವೂ ಆಗಿರಲಿಲ್ಲ. ಹಿತ್ತಲ ಬಾಗಿಲಿನಿಂದ ಒಂದು ದನಿ ಕೇಳಿಸಿತು.

"ದೊಡ್ಡವ್ವಾ, ನೆಟ್ ಮತ್ತ ಬಂದಾಗೇದ."

ಅವನ ತಂಗಿ. ಎರಡನೆಯ ಪಿಯುಸಿ ಓದುವವಳು. ಕೈಯಲ್ಲಿ ಫೋನು, ಬಗಲಲ್ಲಿ ರಸಾಯನಶಾಸ್ತ್ರದ ಪುಸ್ತಕ. ಫೋನನ್ನು ನೋಡಿದ ಕೂಡಲೆ ಗುರುತಿಸಿದೆನು. ಸುರಪುರದ ಅಂಗಡಿಯಲ್ಲಿ ನಾನೇ ಬಣ್ಣ ಆರಿಸಿದ್ದು. ಅಣ್ಣ ತಾನು ಬೇರೊಂದನ್ನು ಕೊಂಡು ಇದನ್ನು ತಂಗಿಗೆ ಓದಲು ಕೊಟ್ಟುಬಿಟ್ಟಿದ್ದಾನೆ. ಹೋಟೆಲಿನ ಟೇಬಲಿನ ಮೇಲೆ ಅವನು ತಳ್ಳಿದ ಫೋನು ಬೇರೆ ಇತ್ತು. ಕಣ್ಣು ತಗ್ಗಿಸಿ ಒಂದು ಸಲ ನೋಡಿದ್ದರೆ ಸಾಕಾಗಿತ್ತು.

ಅವ್ವ ಒಲೆಯ ಮುಂದಿನಿಂದ ಏಳದೆಯೇ "ಕ್ಯಾಲೆಂಡರ ಹಿಂದಿನ ಚೀಟಿ ತಗೋ ಮಗಳ, ನೋಡಿ ಹಾಕ್ಕೊ" ಎಂದಳು.

ಹುಡುಗಿ ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯ್ದೆನು. "ಪಾಸ್‌ವರ್ಡ್ ಯಾರ್ಯಾರಿಗೆ ಕೊಟ್ಟಿ?"

"ಆಕಿಗೆ ನಾನೇ ಕೊಟ್ಟೀನಿ. ಮೊದಲಿಂದೂ ಕೊಟ್ಟಿದ್ದೆ, ಹೊಸಾದೂ ಕೊಟ್ಟೆ. ಓದೋ ಹುಡುಗಿ. ಅದರಾಗೇನು?"

"ನನಗ ಒಂದು ಮಾತು ಹೇಳಬಾರದೇನು?"

ಅವ್ವ ರೊಟ್ಟಿಯನ್ನು ಹಂಚಿನಿಂದ ತೆಗೆದು ನನ್ನ ಕಡೆ ತಿರುಗಿದಳು. "ಅವರ ಬೋರಿನ ನೀರು ಎಷ್ಟು ವರ್ಸದಿಂದ ತುಂಬ್ಲಿಕತ್ತೀವಿ? ಇವತ್ತ ಮುಂಜಾನಿನೂ ತುಂಬೀನಿ. ಎಷ್ಟು ಕೊಡ ಆದ್ವು ಅಂತ ಅವರ ಮನ್ಯಾಗ ಯಾರರ ಪುಸ್ತಕದಾಗ ಬರದಿಟ್ಟಾರೇನು?"

ಹೋಟೆಲಿನಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಪುಸ್ತಕದ ಮಾತನ್ನು ಎತ್ತಿದಳು. ಕೆಂಪು ಮಸಿಯ ನೋಟುಬುಕ್ಕು ನನ್ನ ಕೈಯಲ್ಲಿಯೇ ಇದ್ದಿತು.

ಕಾಯ್ದೆಯ ಆ ಕಲಮನ್ನು ಆಮೇಲೆ ಇನ್ನೊಮ್ಮೆ ಓದಿದೆನು. ಮಾಲೀಕನ ಅಥವಾ ಉಸ್ತುವಾರಿ ಇರುವವರ ಅನುಮತಿ ಎಂದಿದೆ. ಸಂಪರ್ಕ ಅಣ್ಣನ ಹೆಸರಿನಲ್ಲಿದೆ. ಮನೆಯ ಉಸ್ತುವಾರಿ ಅವ್ವನದು. ಅದರ ಬಗ್ಗೆ ಅಪ್ಪನಿಗೂ ಸಂದೇಹವಿಲ್ಲ. ಹಾಗೆ ನೋಡಿದರೆ ಆ ಹುಡುಗಿಯ ಪ್ರವೇಶ ಕಾಯ್ದೆಗೆ ಸರಿಯಾದದ್ದು. ಈ ವ್ಯವಹಾರದಲ್ಲಿ ಅಧಿಕಾರವಿಲ್ಲದೆ ಒಳಹೊಕ್ಕು ಎಲ್ಲವನ್ನೂ ಬದಲಿಸಿದವನು ನಾನೊಬ್ಬನೇ. ಯಂತ್ರ ಸುಳ್ಳು ಹೇಳಿರಲಿಲ್ಲ. ಆ ಫೋನು ನಮ್ಮ ಜಾಲದಲ್ಲಿದೆ ಎಂದಿತ್ತು, ಇತ್ತು. ಅದು ಯಾರ ಕೈಯಲ್ಲಿದೆ, ಯಾರು ಕೊಟ್ಟದ್ದು, ಎಂಬುದನ್ನು ಪಟ್ಟಿಯಲ್ಲಿ ಬರೆದಿರಲಿಲ್ಲ; ಅದನ್ನು ನಾನು ಬರೆದುಕೊಂಡೆ.

ಇನ್ನು ನನ್ನ ಅರ್ಜಿಯ ಮಾತು. ಅದೇ ಅರ್ಜಿಗಾಗಿ ಆ ರಾತ್ರಿ ನಮ್ಮ ತರಗತಿಯಲ್ಲಿ ಹಲವರ ಪರದೆಯ ಮೇಲೂ ಚಕ್ರ ತಿರುಗಿತ್ತೆಂದು ಆಮೇಲೆ ತಿಳಿಯಿತು. ಎಲ್ಲರೂ ಕೊನೆಯ ಗಳಿಗೆಗೆ ಒಂದೇ ಬಾಗಿಲಿಗೆ ನುಗ್ಗಿದ್ದೆವು. ಅವಧಿಯನ್ನು ವಿಸ್ತರಿಸಿದರು, ಎರಡನೆಯ ಸಲ ಬೆಳಿಗ್ಗೆ ಐದಕ್ಕೆ ಎದ್ದು ತುಂಬಿದೆನು, ಐದು ನಿಮಿಷದಲ್ಲಿ ಮುಗಿಯಿತು. ಆ ಹೊತ್ತಿಗೆ ಆ ಹುಡುಗಿಯೂ ಎದ್ದು ಓದುತ್ತಿದ್ದಳೆಂದು ಪಟ್ಟಿಯಲ್ಲಿ ಕಂಡಿತು.

ಹಾಗಾದರೆ ಮನೆಯ ವೈಫೈಗೆ ಬೀಗವೇ ಬೇಡವೇ ಎಂದು ಕೇಳಬಹುದು. ಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದವು. ಅದಕ್ಕೆ ಸ್ವಲ್ಪ ಮುಂಚೆ ಸುದ್ದಿ ಸಂಸ್ಥೆಗಳಿಗೆ ಒಂದು ಈಮೇಲ್ ಬಂದಿದ್ದಿತು. ಪೋಲೀಸರು ಅದರ ಜಾಡು ಹಿಡಿದು ಹೋಗಿ ಮುಟ್ಟಿದ್ದು ನವಿ ಮುಂಬಯಿಯ ಒಂದು ಫ್ಲ್ಯಾಟನ್ನು. ಅಲ್ಲಿ ವಾಸವಾಗಿದ್ದವನು ಒಬ್ಬ ಅಮೆರಿಕದ ಪ್ರಜೆ. ಬೀಗವಿಲ್ಲದ ಅವನ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಅವನು ವಿಚಾರಣೆಯ ಮೇಲೆ ವಿಚಾರಣೆ ಎದುರಿಸಬೇಕಾಯಿತು. 2009ರಲ್ಲಿ ದೂರಸಂಪರ್ಕ ಇಲಾಖೆಯು ವೈಫೈ ಸಂಪರ್ಕಗಳಿಗೆ ಭದ್ರತೆ ಇರಬೇಕೆಂದು ಸಂಪರ್ಕ ಕೊಡುವ ಕಂಪನಿಗಳಿಗೆ ಸೂಚನೆ ಕಳಿಸಿತು. ನೀರು ಕೊಟ್ಟರೆ ಕುಡಿದವನು ಹೋಗುತ್ತಾನೆ. ನೆಟ್ ಕೊಟ್ಟರೆ ಅವನು ಮಾಡಿದ್ದೆಲ್ಲ ನಮ್ಮ ಹೆಸರಿಗೆ ಬರೆದುಹೋಗುತ್ತದೆ. ಈ ಭೇದವನ್ನು ಅವ್ವನಿಗೆ ಒಂದು ಸಂಜೆ ಕೂತು ತಿಳಿಸಿ ಹೇಳಿದೆನು. ಅವಳು ಪೂರ್ತಿ ಕೇಳಿದಳು.

"ಹಂಗಾರ ಕೊಟ್ಟವರ ಹೆಸರು ಬರಕೋ. ಕೊಡಬ್ಯಾಡ ಅನಬ್ಯಾಡ" ಎಂದಳು.

ಇದಕ್ಕಿಂತ ಒಳ್ಳೆಯ ಏರ್ಪಾಟು ನನಗೂ ಹೊಳೆಯಲಿಲ್ಲ. ರೂಟರಿನ 'ಅಡ್ಮಿನ್' ಪಾಸ್‌ವರ್ಡನ್ನು ಬದಲಿಸಿದೆನು. ಡಬ್ಲ್ಯುಪಿಎಸ್ ಬಾಗಿಲನ್ನು ಮುಚ್ಚಿದೆನು. ಭದ್ರತೆಯ ವಿಧಾನವು ಡಬ್ಲ್ಯುಪಿಎ2 ಆಗಿದೆಯೇ ಎಂದು ನೋಡಿಕೊಂಡೆನು. 2018ರಲ್ಲಿ ಬಂದ ಡಬ್ಲ್ಯುಪಿಎ3 ಇದ್ದರೆ ಇನ್ನೂ ಒಳ್ಳೆಯದು, ನಮ್ಮ ಡಬ್ಬಿಯಲ್ಲಿ ಅದಿಲ್ಲ. ಬಂದವರಿಗೆಂದು ಬೇರೆಯೇ ಒಂದು ಅತಿಥಿ ಜಾಲವನ್ನು ಮಾಡಿದೆನು. ಅದರಿಂದ ಹೊರಗಿನ ಲೋಕಕ್ಕೆ ಹೋಗಬಹುದು, ನಮ್ಮ ಮನೆಯ ಫೋನು ಟಿವಿಗಳ ಕಡೆಗೆ ಬರಲಾಗದು. ಅದರ ಪಾಸ್‌ವರ್ಡನ್ನು ಜಾತ್ರೆ ಮುಗಿದ ಮರುದಿನ ಬದಲಿಸುತ್ತೇನೆ. ನೋಟುಬುಕ್ಕಿನಲ್ಲಿ ಹೊಸ ಹಾಳೆ ತೆಗೆದು, ಅವ್ವ ಹೇಳಿದಂತೆ, ಸಂಖ್ಯೆಗಳ ಬದಲು ಮನುಷ್ಯರ ಹೆಸರುಗಳನ್ನು ಬರೆದಿದ್ದೇನೆ. ಮೊದಲ ಹೆಸರು ಆ ಹುಡುಗಿಯದು.

ಗೆಳೆಯನ ಮನೆಗೆ ಅದೇ ವಾರ ಹೋಗಿದ್ದೆನು. ಅವನು ಗಾಡಿಯ ಮೇಲೆ ಹೋಗಿದ್ದನು. ಅವರವ್ವ ಎಂದಿನಂತೆ ಚಹಾ ಕೊಟ್ಟು, ಮೋಟಾರು ಏಳು ಗಂಟೆಗೆ ಬಂದ್ ಮಾಡುತ್ತೇವೆ, ಅಷ್ಟರೊಳಗೆ ನೀರು ತುಂಬಿಕೊಳ್ಳಿ ಎಂದು ಅವ್ವನಿಗೆ ಹೇಳಿ ಕಳಿಸಿದಳು. ಅಂದು ಹೋಟೆಲಿನಲ್ಲಿ, ತಂಗಿಯ ಕೈಯಲ್ಲಿ ಆ ಫೋನಿರುವುದನ್ನು ಅವನು ನೆನೆದಿದ್ದನೋ, ನೆನೆದೂ ನಾಲ್ಕು ಜನರ ಎದುರಿಗೆ ಅವಳ ಹೆಸರು ಬರಬಾರದೆಂದು ಬಾಯಿ ಮುಚ್ಚಿಕೊಂಡನೋ, ಕೇಳುವ ಧೈರ್ಯ ನನಗಾಗಿಲ್ಲ. ಎರಡು ದಿನ ಬಿಟ್ಟು ಕಟ್ಟೆಯ ಮೇಲೆ ಸಿಕ್ಕಾಗ ಹೇಳಬೇಕಾದ್ದನ್ನೆಲ್ಲ ಹೇಳಿ, ಪಾಸ್‌ವರ್ಡು ಬರೆದ ಚೀಟಿಯನ್ನು ಅವನ ಕೈಗೆ ಕೊಟ್ಟೆನು.

"ಇರ್ಲಿ ಬಿಡು. ನನ್ನಂತೇಲಿ ನೆಟ್ ಅದ" ಎಂದನು. ಚೀಟಿಯನ್ನು ಮಾತ್ರ ಮಡಿಚಿ ಜೇಬಿನಲ್ಲಿ ಇಟ್ಟುಕೊಂಡನು.

ಅವನ ಹೊಸ ಫೋನಿನ ಮಾದರಿಯ ಹೆಸರು ನನಗೀಗ ಬಾಯಿಪಾಠವಾಗಿದೆ. ರಾತ್ರಿ ಮಲಗುವ ಮುಂಚೆ ಒಂದು ಸಲ ರೂಟರಿನ ಪಟ್ಟಿಯನ್ನು ತೆರೆದು ಮೇಲಿನಿಂದ ಕೆಳಗೆ ನೋಡುತ್ತೇನೆ. ನಮ್ಮವು ಐದು, ಹುಡುಗಿಯದು ಒಂದು, ಮೊನ್ನೆ ಜಾತ್ರೆಯಲ್ಲಿ ಒಂದು ರಾತ್ರಿ ಹದಿನಾಲ್ಕರವರೆಗೆ ಹೋಗಿತ್ತು. ಅವನ ಫೋನಿನ ಹೆಸರು ಇನ್ನೂ ಬಂದಿಲ್ಲ.